ಎರಡು ಮೂರು ಎಕರೆ ಇರುವವರು ಎಣ್ಣೆ ತಾಳೆ (ಪಾಮ್ ಆಯಿಲ್ ಕೊಡುವ ಮರ) ಬೆಳೆದರೆ ಬಹುಕಾಲ ನಡೆಯುತ್ತಾ? ಪರಿಸರಕ್ಕೆ ಕೆಟ್ಟದ್ದಾ?

ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಮಳೆಕಾಡು ಕಡಿದು ತಾಳೆ ನೆಟ್ಟಿದ್ದೇ ದೊಡ್ಡ ತಕರಾರು. ಕರ್ನಾಟಕ, ಆಂಧ್ರದಲ್ಲಿ ಇದು ಹೆಚ್ಚಾಗಿ ಮೊದಲೇ ಉಳುಮೆಯಲ್ಲಿದ್ದ ಜಮೀನಿಗೆ ಬಂದಿದೆ. ಇಲ್ಲಿ ನಿಜವಾದ ಪ್ರಶ್ನೆ ನೀರಿನದು.

ತಾಳೆಗೆ ವರ್ಷವಿಡೀ ತೇವ ಬೇಕು. ಬೇಸಿಗೆಯಲ್ಲಿ ಫಲ ಕೊಡುವ ಒಂದು ಮರಕ್ಕೆ ದಿನಕ್ಕೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎಕರೆಗೆ 57 ಮರ ಅಂದರೆ 11 ಸಾವಿರ ಲೀಟರ್ ದಾಟುತ್ತದೆ! ನೀರು ಸಾಲದಿದ್ದರೆ ಗಂಡು ಹೂವೇ ಜಾಸ್ತಿ ಬಂದು ಗೊನೆ ಕಮ್ಮಿಯಾಗುತ್ತದೆ. ಆ ಪೆಟ್ಟು ಗೊತ್ತಾಗುವುದೂ ಎಷ್ಟೋ ತಿಂಗಳ ನಂತರ. ಬೇಸಿಗೆಯಲ್ಲಿ ಬತ್ತುವ ಬೋರ್‌ವೆಲ್ ನಂಬಿಕೊಂಡು ಸುಮ್ನೆ ನೆಡಬೇಡಿ.

ಮೊದಲ ಮೂರು ನಾಲ್ಕು ವರ್ಷ ಅಂತರ ಬೆಳೆಯೇ ಕೈಹಿಡಿಯಬೇಕು. ಕತ್ತರಿಸಿದ ಗರಿಯನ್ನು ಸುಡದೆ ಬುಡಕ್ಕೆ ಹಾಸಿದರೆ ತೇವವೂ ನಿಲ್ಲುತ್ತದೆ, ಗೊಬ್ಬರವೂ ಆಗುತ್ತದೆ.

ಇನ್ನು ಮಾರಾಟ. ಕೊಯ್ದ ಗೊನೆ ಒಂದೆರಡು ದಿನದೊಳಗೆ ಗಿರಣಿ ಸೇರದಿದ್ದರೆ ಎಣ್ಣೆಯ ಗುಣ ಕೆಡುತ್ತದೆ. ಅಡಿಕೆಯ ಹಾಗೆ ಇಟ್ಟುಕೊಂಡು ಬೆಲೆ ಕಾಯುವಂತಿಲ್ಲ ಅಲ್ವಾ? 2022ರಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ ಅಲ್ಲಿನ ಸಣ್ಣ ರೈತರ ಹಣ್ಣಿನ ಬೆಲೆ ಕುಸಿದುಬಿತ್ತು. ಹಾಗಾಗಿ ಗಿರಣಿ ಎಷ್ಟು ದೂರ, ಸಾಗಣೆ ಖರ್ಚು ಯಾರದು ಅಂತ ಸಸಿ ತರುವ ಮೊದಲೇ ಕೇಳಿಕೊಳ್ಳಿ.