ಡೈನಮೋ ಒಂದೇ, ವೋಲ್ಟ್ ಎರಡು

ಪ್ರಶ್ನೆ: ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತೆಗೆದುಕೊಂಡೆ. 48 ವೋಲ್ಟ್ ಹೈಬ್ರಿಡ್ ಅಂದರು. ಬಾನೆಟ್ ತೆರೆದರೆ ಕಾಣುವುದು ಮಾಮೂಲಿ 12 ವೋಲ್ಟ್ ಬ್ಯಾಟರಿ. ಅದು ಆಗಲೇ ಎರಡು ಸಲ ಡೌನ್ ಆಯಿತು. ನಮ್ಮೂರಿನ ಎಲೆಕ್ಟ್ರಿಷಿಯನ್ ‘ಇದಕ್ಕೆ 12 ವೋಲ್ಟಿನ ಡೈನಮೋನೇ ಇಲ್ಲ ಸರ್, ಒಂದು ಕೂರಿಸೋಣ’ ಅಂತಾರೆ. ಕೂರಿಸಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ನಿಮ್ಮ ಕಾರಿನಲ್ಲಿ 12 ವೋಲ್ಟಿನ ಡೈನಮೋ ಇಲ್ಲ. ಇರಬೇಕಾಗಿಯೂ ಇಲ್ಲ. ದಯವಿಟ್ಟು ಕೂರಿಸಬೇಡಿ.

ಎಂಜಿನ್ ಬೆಲ್ಟಿನಲ್ಲಿ ಡೈನಮೋ ಥರವೇ ಕಾಣುವ ಒಂದು ದಪ್ಪ ಯಂತ್ರ ಇರುತ್ತದೆ, ನೋಡಿ. ಕರೆಂಟ್ ಹುಟ್ಟುವುದು ಅಲ್ಲೇ, ಆದರೆ 48 ವೋಲ್ಟಿನಲ್ಲಿ. ಅದು ಒಂದು ಚಿಕ್ಕ ಲಿಥಿಯಂ ಬ್ಯಾಟರಿಗೆ ಹೋಗುತ್ತದೆ. ಈ ಬ್ಯಾಟರಿ ಸಾಮಾನ್ಯವಾಗಿ ಸೀಟಿನ ಕೆಳಗೋ ಡಿಕ್ಕಿಯ ಹತ್ತಿರವೋ ಅಡಗಿರುತ್ತದೆ. ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ ಮತ್ತೆ ಎಬ್ಬಿಸುವುದು, ಪಿಕಪ್ ಬೇಕಾದಾಗ ಎಂಜಿನ್ನಿಗೆ ಕೈ ಜೋಡಿಸುವುದು ಅದೇ ಯಂತ್ರ. ಬ್ರೇಕ್ ಒತ್ತಿದಾಗ ಕಾರಿನ ಓಟವನ್ನು ಕರೆಂಟ್ ಮಾಡಿಕೊಳ್ಳುವುದೂ ಅದೇ.

ಹಾರ್ನು, ವೈಪರು, ಲೈಟು, ಕಂಪ್ಯೂಟರುಗಳಿಗೆ ಮಾತ್ರ 12 ವೋಲ್ಟೇ ಬೇಕು. ಅದಕ್ಕೆ ನಡುವೆ ಡಿಸಿ-ಡಿಸಿ ಕನ್ವರ್ಟರ್ ಎಂಬ ಡಬ್ಬಿ ಇಟ್ಟಿರುತ್ತಾರೆ. 48 ಅನ್ನು ಸುಮಾರು 14ಕ್ಕೆ ಇಳಿಸಿ 12 ವೋಲ್ಟಿನ ಬ್ಯಾಟರಿ ತುಂಬಿಸುವುದು ಅದರ ಕೆಲಸ. ಇದರ ಜೊತೆಗೆ ಇನ್ನೊಂದು ಡೈನಮೋ ಸೇರಿಸಿದರೆ ಒಂದೇ ಬ್ಯಾಟರಿಗೆ ಇಬ್ಬರು ತುಂಬಿಸುವವರಾಗುತ್ತಾರೆ. ಕಾರಿನ ಕಂಪ್ಯೂಟರಿಗೆ ಲೆಕ್ಕ ಸಿಗುವುದಿಲ್ಲ.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನಿಸಬಹುದು. 3,000 ವಾಟ್ ಕೆಲಸ ಮಾಡಿಸಬೇಕು ಅಂದುಕೊಳ್ಳಿ. 12 ವೋಲ್ಟಿನಲ್ಲಿ 250 ಆಂಪಿಯರ್ ಹರಿಯಬೇಕು. 48ರಲ್ಲಿ 62.5 ಸಾಕು. ಅದೇ ದಪ್ಪದ ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಏರಿಸಬಹುದಿತ್ತು, ಆದರೆ ಡಿಸಿ (ಬ್ಯಾಟರಿ ಕೊಡುವ ಥರದ ಕರೆಂಟ್) 60 ವೋಲ್ಟ್ ದಾಟಿದರೆ ಶಾಕ್ ಹೊಡೆಯದಂತೆ ದುಬಾರಿ ರಕ್ಷಣೆ ಬೇಕು. 48 ಅದರ ಒಳಗೇ ನಿಲ್ಲುತ್ತದೆ. ಹಾಗಂತ ಸಲೀಸಾಗಿ ಕೈ ಹಾಕಬೇಡಿ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ 12 ವೋಲ್ಟಿನ ಕಿಡಿ ಚಟ್ ಅಂದು ಆರಿಹೋಗುತ್ತದೆ, 48ರದ್ದು ಉರಿಯುತ್ತಲೇ ಇರಬಹುದು. (ಹೈಬ್ರಿಡ್ ಅಂದರೆಲ್ಲ 48 ಅಲ್ಲ. ಮಾರುತಿ ಎರ್ಟಿಗಾ ಸ್ಮಾರ್ಟ್ ಹೈಬ್ರಿಡ್‌ನಲ್ಲಿ ಎರಡು ಬ್ಯಾಟರಿ ಇದ್ದರೂ ಎಲ್ಲವೂ 12 ವೋಲ್ಟಿನ ಲೆಕ್ಕವೇ.)

ಈಗ ನಿಮ್ಮ ತೊಂದರೆ. ರಾತ್ರಿ ನಿಲ್ಲಿಸಿದ ಕಾರಿನ 12 ವೋಲ್ಟ್ ಬ್ಯಾಟರಿಗೆ ಬೆಳಿಗ್ಗೆ ಮಲ್ಟಿಮೀಟರ್ ಹಿಡಿಯಿರಿ. ತುಂಬಿದ್ದರೆ 12.6ರ ಹತ್ತಿರ ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.5 ಬಂದರೆ ಕನ್ವರ್ಟರ್ ಸರಿಯಿದೆ. ಆಗ ತಪ್ಪು ಬ್ಯಾಟರಿಯ ವಯಸ್ಸಿನದು. ಇಲ್ಲವೇ ಮೊದಲಿನ ಮಾಲೀಕರು ಹಾಕಿಸಿದ ಕ್ಯಾಮೆರಾ, ಜಿಪಿಎಸ್ ಥರದ್ದು ಏನೋ ರಾತ್ರಿಯಿಡೀ ಕುಡಿಯುತ್ತಿದೆ. ನನಗೆ ಅನುಮಾನ ಜಾಸ್ತಿ ಇರುವುದು ಅದರ ಮೇಲೆಯೇ. ಓಡುವಾಗಲೂ ತುಂಬ ಹೊತ್ತು 12.5 ದಾಟದಿದ್ದರೆ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಿ.

ಎಲೆಕ್ಟ್ರಿಕ್ ಕಾರಿನ ಕಥೆಯೂ ಹೀಗೇ. ದೊಡ್ಡ ಬ್ಯಾಟರಿಯಲ್ಲಿ 80% ಚಾರ್ಜ್ ಇದ್ದರೂ ಪುಟ್ಟ 12 ವೋಲ್ಟಿನದು ಸತ್ತರೆ ಕಾರು ಏಳುವುದಿಲ್ಲ. ದೊಡ್ಡದನ್ನು ಜೋಡಿಸುವ ಸ್ವಿಚ್ ಎಳೆಯಲು ಆ ಪುಟ್ಟದರ ಶಕ್ತಿಯೇ ಬೇಕು!

ಪ್ರಶ್ನೆ: ನಮ್ಮದು 24 ವೋಲ್ಟಿನ ಲಾರಿ. ಎರಡು ಬ್ಯಾಟರಿಯಲ್ಲಿ ಒಂದರಿಂದ 12 ವೋಲ್ಟ್ ತೆಗೆದು ಸೆಟ್, ಮೊಬೈಲ್ ಚಾರ್ಜರ್ ಹಾಕಿದ್ದೇವೆ. ವರ್ಷಕ್ಕೊಂದು ಬ್ಯಾಟರಿ ಹೋಗುತ್ತಿದೆ.
– ಲಾರಿ ಮಾಲೀಕರು, ಚಿತ್ರದುರ್ಗ

ಉತ್ತರ: ನಡುವಿನಿಂದ ವೈರ್ ಎಳೆದಿದ್ದೇ ಕಾರಣ. ಸೆಟ್ ಹಾಡಿದಷ್ಟೂ ಒಂದು ಬ್ಯಾಟರಿ ಮಾತ್ರ ಖಾಲಿಯಾಗುತ್ತದೆ. ಡೈನಮೋಗೆ ಅದು ಗೊತ್ತಿಲ್ಲ. ಅದು ನೋಡುವುದು ಎರಡೂ ಸೇರಿದ 28 ವೋಲ್ಟ್ ಅಷ್ಟೇ. ಖಾಲಿಯಾದದ್ದು 13ರಲ್ಲಿ ನಿಂತರೆ ಇನ್ನೊಂದಕ್ಕೆ 15 ಬೀಳುತ್ತದೆ. ಒಂದು ಯಾವಾಗಲೂ ಹಸಿದಿರುತ್ತದೆ, ಇನ್ನೊಂದರ ನೀರು ಕುದಿದು ಆರುತ್ತದೆ. ಒಂದರಲ್ಲೇ ಡಿಸ್ಟಿಲ್ಡ್ ವಾಟರ್ ಬೇಗ ಇಳಿಯುತ್ತಿದೆ, ಅಲ್ವಾ?

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ಎರಡೂ ಬ್ಯಾಟರಿ ಸೇರಿದ 24 ವೋಲ್ಟನ್ನೇ ಕೊಡಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಮತ್ತೆ, ಕೆಟ್ಟ ಒಂದನ್ನೇ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದು, ಒಂದೇ ಆಂಪಿಯರಿನದು ತನ್ನಿ.