ಹಳೆಯ ಚಾಕುವಿನ ಬಾಯಿ ಮುಕ್ಕಾಗಿದ್ದರೆ ಸಾಣೆಚಕ್ರಕ್ಕೆ ಕೊಡಬೇಡಿ

ಸಂತೆಯಲ್ಲಿ ಕೊಂಡ ಹಳೆಯ ಚಾಕುವಿನ ಬಾಯಿಯಲ್ಲಿ ಎರಡು ಮುಕ್ಕುಗಳಿವೆ, ಹಿಡಿಯ ಕಡೆ ಅದು ಮಣೆಗೆ ತಾಗುತ್ತಿಲ್ಲ, ಸಾಣೆ ಅಂಗಡಿಗೆ ಕೊಟ್ಟು ಹೊಸದರಂತೆ ಮಾಡಿಸಲೇ ಅಥವಾ ಹಿಂದಿರುಗಿಸಲೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇಂಥದೇ ಒಂದು ಚಾಕುವನ್ನು ನಾನು ಕೆಡಿಸಿದ್ದೇನೆ. ಆದ್ದರಿಂದ ಮೊದಲು ಅದನ್ನು ಹೇಳಿಬಿಡುತ್ತೇನೆ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಹಳೆಯ ನಲ್ಲಿಗಳು ಮತ್ತು ಡ್ರಿಲ್ ಯಂತ್ರಗಳ ರಾಶಿಯ ನಡುವೆ, ಎಂಟು ಇಂಚಿನ ಅಲಗಿನ ಅಡುಗೆ ಚಾಕುವೊಂದು ನನಗೆ 250 ರೂಪಾಯಿಗೆ ಸಿಕ್ಕಿತು. ಅಲಗು ಕಪ್ಪಿಟ್ಟಿತ್ತು, ಹಿಡಿಯ ಬಳಿ ಸೋಲಿಂಗನ್ ಎಂಬ ಮುದ್ರೆ ಅರ್ಧ ಅಳಿಸಿತ್ತು. ಸೋಲಿಂಗನ್ ಜರ್ಮನಿಯಲ್ಲಿ ಕತ್ತಿ, ಚಾಕುಗಳಿಗೆ ಹೆಸರಾದ ಊರು. ಅಲ್ಲಿ ತಯಾರಾದ ಮಾಲಿಗೆ ಮಾತ್ರ ಆ ಹೆಸರನ್ನು ಬಳಸಬೇಕೆಂದು 1938ರಲ್ಲಿಯೇ ಅಲ್ಲಿ ಕಾನೂನಾಗಿದೆ. ಆ ಮುದ್ರೆಯನ್ನು ನಂಬಿ, ಇಷ್ಟು ಒಳ್ಳೆಯ ಉಕ್ಕು ಏನನ್ನಾದರೂ ತಾಳಿಕೊಳ್ಳುತ್ತದೆ ಎಂದು ನಾನು ಭಾವಿಸಿದ್ದೇ ಮುಂದಿನ ಅನಾಹುತಕ್ಕೆ ಕಾರಣವಾಯಿತು.

ಮನೆಗೆ ತಂದು ಈರುಳ್ಳಿ ಹೆಚ್ಚಿದಾಗ ಹೋಳುಗಳು ಬಿಡಿಯಾಗದೆ, ತಳದಲ್ಲಿ ಒಂದಕ್ಕೊಂದು ಅಂಟಿಕೊಂಡು ಮಾಲೆಯಂತೆ ಬಂದವು. ಬಾಯಿಯಲ್ಲಿದ್ದ ಎರಡು ಮುಕ್ಕುಗಳೇ ಇದಕ್ಕೆ ಕಾರಣವೆಂದು ನಾನು ತೀರ್ಮಾನಿಸಿದೆ. ಪಕ್ಕದಲ್ಲಿ ಈಳಿಗೆಮಣೆಯ ಮೇಲೆ ಕುಳಿತಿದ್ದ ಅಮ್ಮ, "ನನ್ನ ಈಳಿಗೆಯ ಬಾಯಿಯೂ ಮುಕ್ಕಾಗಿದೆಯಲ್ಲೋ, ಅದು ಚೆನ್ನಾಗಿಯೇ ಹೆಚ್ಚುತ್ತದೆ" ಎಂದರು. ಆ ಮಾತನ್ನು ಅಂದೇ ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕಿತ್ತು. ಈಳಿಗೆಯಲ್ಲಿ ತರಕಾರಿಯೇ ಅಲಗಿನ ಬಳಿಗೆ ಹೋಗುತ್ತದೆ, ಅಲಗಿನ ಕೆಳಗೆ ಮಣೆ ಇರುವುದಿಲ್ಲ. ಆದ್ದರಿಂದ ಅದು ಸವೆದು ಹಳ್ಳ ಬಿದ್ದರೂ ಕೆಲಸ ನಡೆಯುತ್ತದೆ. ಚಾಕುವಾದರೋ ಸಮತಟ್ಟಾದ ಮಣೆಯನ್ನು ಉದ್ದಕ್ಕೂ ಮುಟ್ಟಲೇಬೇಕು. ಜರ್ಮನ್ ಮಾದರಿಯ ಹಲವು ಚಾಕುಗಳಲ್ಲಿ ಹಿಡಿಯೂ ಅಲಗೂ ಕೂಡುವಲ್ಲಿ ಉಕ್ಕಿನ ದಪ್ಪ ಗಟ್ಟೊಂದು ಬಾಯಿಯವರೆಗೂ ಇಳಿದಿರುತ್ತದೆ. ವರ್ಷಗಟ್ಟಲೆ ಮಸೆದಾಗ ತೆಳುವಾದ ಅಲಗು ಸವೆಯುತ್ತದೆ, ಗಟ್ಟು ಮಾತ್ರ ಹಾಗೆಯೇ ನಿಲ್ಲುತ್ತದೆ. ಕೊನೆಗೆ ಆ ಗಟ್ಟು ಮಣೆಗೆ ಮೊದಲು ತಾಗಿ, ಅದರ ಮುಂದಿನ ಭಾಗವನ್ನು ಎತ್ತಿಹಿಡಿಯುತ್ತದೆ. ನಿಮ್ಮ ಚಾಕು ಹಿಡಿಯ ಕಡೆ ತಾಗದಿರುವುದಕ್ಕೆ ಬಹುಪಾಲು ಇದೇ ಕಾರಣವಿರಬೇಕು.

ಇದೊಂದೂ ತಿಳಿಯದೆ ನಾನು ಮರುದಿನವೇ ಮಚ್ಚು, ಕೊಡಲಿಗಳಿಗೆ ಸಾಣೆ ಹಿಡಿಯುವ ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದದ್ದು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವ ಒಣ ಚಕ್ರ. ಮೂರು ನಿಮಿಷಗಳಲ್ಲಿ ಮುಕ್ಕುಗಳು ಮಾಯವಾದವು. ಮೊನೆಯಿಂದ ಎರಡು ಬೆರಳಿನಷ್ಟು ಉದ್ದಕ್ಕೆ, ಬಾಯಿಯ ಅಂಚಿನಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆಯೇ ಕಂದು, ನೇರಳೆ, ಕೊನೆಗೆ ನವಿಲಿನ ಕೊರಳಿನಂಥ ನೀಲಿ ಹರಡಿದ್ದನ್ನು ನಾನು ಪಕ್ಕದಲ್ಲಿಯೇ ನಿಂತು ನೋಡಿದೆ, ತಡೆಯಲಿಲ್ಲ. ಅಂಗಡಿಯವರು ಅದನ್ನು ನೀರಿಗೆ ಅದ್ದಿ, ಒರೆಸಿ ಕೊಟ್ಟರು.

ಆ ಬಣ್ಣಗಳ ಅರ್ಥವನ್ನು ವಿವರವಾಗಿಯೇ ಹೇಳಬೇಕು. ಇಂಥ ಕಾರ್ಬನ್ ಉಕ್ಕಿನ ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದ ಮೇಲೆ, ಗಾಜಿನಂತೆ ಸಿಡಿಯದಿರಲೆಂದು ಸುಮಾರು 200 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಹದಗೊಳಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಬಿಸಿಯಾದಷ್ಟೂ ಉಕ್ಕು ಮೆತ್ತಗಾಗುತ್ತ ಹೋಗುತ್ತದೆ. ಒಣಹುಲ್ಲಿನ ಬಣ್ಣ ಕಂಡರೆ ಸುಮಾರು 220 ಡಿಗ್ರಿ ದಾಟಿದೆ ಎಂದರ್ಥ, ನೀಲಿ ಕಂಡರೆ 300ರ ಹತ್ತಿರಕ್ಕೆ ಬಂದಿದೆ ಎಂದರ್ಥ. ಕೊಡಲಿಯ ದಪ್ಪ ಬಾಯಿಗೆ ಬಿಸಿ ತಾಗಿದರೆ ಅದು ಹಿಂದಿನ ಉಕ್ಕಿಗೆ ಹರಿದುಹೋಗುತ್ತದೆ. ಚಾಕುವಿನ ಕಾಗದದಂಥ ಅಂಚಿನಲ್ಲಿ ಆ ಬಿಸಿಗೆ ಹೋಗಲು ದಾರಿಯೇ ಇರುವುದಿಲ್ಲ. ಬಣ್ಣ ಬಂದ ಮೇಲೆ ನೀರಿಗೆ ಅದ್ದಿದರೆ ಅಲಗು ತಣ್ಣಗಾಗುತ್ತದೆ, ಹೋದ ಹದ ಮರಳುವುದಿಲ್ಲ. ನೀಲಿಯನ್ನು ಉಜ್ಜಿ ತೆಗೆದರೂ ಅಷ್ಟೆ, ಬಣ್ಣ ಮೇಲ್ಮೈಯಲ್ಲಿದೆ, ಕೇಡು ಒಳಗಿದೆ. ಮುಂದಿನ ವಾರ ಅರ್ಧ ಕುಂಬಳಕಾಯಿ ಹೆಚ್ಚುವಷ್ಟರಲ್ಲಿ ನನ್ನ ಚಾಕುವಿನ ಮೊನೆಯ ಭಾಗ ತಗಡಿನಂತೆ ಒಂದು ಬದಿಗೆ ಮಗುಚಿಕೊಂಡಿತು. ಊರಿಗೆ ಹೋದಾಗ ಕುಲುಮೆಯ ಹಿರಿಯರೊಬ್ಬರಿಗೆ ತೋರಿಸಿದೆ. "ನೀಲಿ ಬಂದ ಮೇಲೆ ಅದು ಸ್ಪ್ರಿಂಗು ತಮ್ಮಾ, ಕತ್ತಿಯಲ್ಲ" ಎಂದರು.

ಕೆಟ್ಟ ಉಕ್ಕನ್ನು ದಾಟಿ ಒಳ್ಳೆಯ ಉಕ್ಕು ಸಿಗಲು ಸುಮಾರು 2 ಮಿಲಿಮೀಟರ್ ಸವೆಸಬೇಕಾಯಿತು. ನಾಲ್ಕು ಭಾನುವಾರಗಳು ಕಲ್ಲಿನ ಮುಂದೆಯೇ ಕಳೆದವು. ಅಲಗು ಬೆನ್ನಿನ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ, ಅಷ್ಟು ಸವೆದ ಮೇಲೆ ಬಾಯಿಯೇ ದಪ್ಪವಾಗಿ, ಎರಡೂ ಕೆನ್ನೆಗಳನ್ನು ಮತ್ತೆ ತೆಳುಗೊಳಿಸಬೇಕಾಗಿ ಬಂತು. ಹಿಡಿಯ ಬಳಿಯ ಹಳ್ಳವಂತೂ ಚಕ್ರದಿಂದ ಇನ್ನಷ್ಟು ಆಳವಾಗಿತ್ತು.

ಆದ್ದರಿಂದ "ಹೊಸದರಂತೆ" ಮಾಡಿಸಬೇಕೆಂಬ ನಿಮ್ಮ ಆಸೆಯನ್ನೇ ನಾನು ಒಪ್ಪುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಸಣ್ಣ ಮುಕ್ಕಿನಿಂದ ಅಡುಗೆಗೆ ಯಾವ ತೊಂದರೆಯೂ ಇಲ್ಲ. ನಾಲ್ಕಾರು ಸಲ ಮಸೆಯುವಷ್ಟರಲ್ಲಿ ಅದು ತಾನಾಗಿಯೇ ಹೋಗುತ್ತದೆ. ಮೊದಲು ಬಾಯಿಯನ್ನು ಸಮತಟ್ಟಾದ ಟೈಲ್ಸಿನ ಮೇಲೆ ನಿಲ್ಲಿಸಿ, ಹಿಂದೆ ಟಾರ್ಚ್ ಹಿಡಿದು, ಬೆಳಕು ಎಲ್ಲಿ ಸೋರುತ್ತದೆ ಎಂದು ನೋಡಿರಿ. ಗಟ್ಟಿನ ಮುಂದೆಯೇ ಸೋರಿದರೆ ಸರಿಪಡಿಸಬೇಕಾದದ್ದು ಗಟ್ಟನ್ನು, ಬಾಯಿಯನ್ನಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲಿನ ಒರಟು ಬದಿಯಲ್ಲಿ, ನೀರು ಹಾಕುತ್ತ, ಆ ಗಟ್ಟಿನ ತುದಿಯನ್ನು ಮಾತ್ರ ತಗ್ಗಿಸಿರಿ. ಬೇಸರ ಹಿಡಿಸುವ ಕೆಲಸವಿದು, ಆದರೆ ಕೈಯಿಂದ ಮಸೆದರೆ ಹದ ಹೋಗುವ ಭಯವಿಲ್ಲ.

ಮುಕ್ಕು ದೊಡ್ಡದಿದ್ದರೆ, ಕಲ್ಲನ್ನೇ ಕೊಯ್ಯುವಂತೆ ಚಾಕುವನ್ನು ನೆಟ್ಟಗೆ ಹಿಡಿದು, ಮುಕ್ಕು ಮಾಯವಾಗುವವರೆಗೆ ಹಗುರವಾಗಿ ಎಳೆಯಿರಿ. ಆಗ ಬಾಯಿಯ ಉದ್ದಕ್ಕೂ ಬೆಳ್ಳಿಯ ಗೆರೆಯೊಂದು ಹೊಳೆಯುತ್ತದೆ. ಬಳಿಕ ಎರಡೂ ಬದಿಗಳನ್ನು ಸಮನಾಗಿ ಮಸೆಯುತ್ತ ಬಂದರೆ ಆ ಗೆರೆ ಸಣ್ಣದಾಗುತ್ತ ಹೋಗುತ್ತದೆ; ಗೆರೆ ಪೂರ್ತಿ ಅಳಿಸಿದಲ್ಲಿ ಬಾಯಿ ಬಂದಿದೆ ಎಂದರ್ಥ. ಅಲಗಿನ ಅಗಲ 45 ಮಿಲಿಮೀಟರ್ ಇದ್ದರೆ, ಬೆನ್ನನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಎತ್ತಿ ಹಿಡಿಯಿರಿ, ಅಲ್ಲಿಗೆ ಹದಿನೈದು ಡಿಗ್ರಿಯ ಕೋನವಾಗುತ್ತದೆ.

ಹಿಂದಿರುಗಿಸಬೇಕಾದ ಸಂದರ್ಭ ಒಂದೇ. ಮುಕ್ಕಿನ ಬುಡದಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಗೆರೆ ಹೋಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿರಿ. ಅಂಥ ಬಿರುಕು ಇದ್ದರೆ ಯಾವ ಕಲ್ಲೂ ಅದನ್ನು ಉಳಿಸಲಾರದು; ಗಟ್ಟಿ ತರಕಾರಿಯ ಮೇಲೆ ಒತ್ತಿದಾಗ ಅಲಗು ಮುರಿದು ಕೈಗೆ ಬರಬಹುದು, ಮಸೆಯುವ ಮೊದಲೇ ಅದನ್ನು ಮಾರಿದವರಿಗೆ ಮರಳಿಸಿಬಿಡಿ.