ಲೆನ್ಸ್ ಉದ್ದವಾದಾಗ ಮುಖ ಮಸುಕಾಗುವುದೇಕೆ?

ಪ್ರಶ್ನೆ: ನನ್ನದು ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ. 35 ಮತ್ತು 50 ಮಿ.ಮೀ. ಲೆನ್ಸ್‌ನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. 90 ಮಿ.ಮೀ. ಎಫ್/2 (ಬೆಳಕು ಬರುವ ಬಾಯಿ ತುಂಬ ಅಗಲ) ಲೆನ್ಸ್ ಹಾಕಿದರೆ ಅರ್ಧಕ್ಕರ್ಧ ಮಸುಕು. ಶಟರ್ ಸಾಮಾನ್ಯವಾಗಿ 1/60 ಸೆಕೆಂಡಿನಲ್ಲಿಡುತ್ತೇನೆ. ವ್ಯೂಫೈಂಡರ್‌ನಲ್ಲಿ ಎಲ್ಲ ಸ್ಪಷ್ಟವಾಗೇ ಕಾಣುತ್ತದೆ. ಟ್ರೈಪಾಡ್ ಹೊರುವುದು ಬೇಡ. ಏನು ಮಾಡಲಿ?

ಉತ್ತರ: ವ್ಯೂಫೈಂಡರ್‌ನಲ್ಲಿ ಸ್ಪಷ್ಟವಾಗಿದೆ ಅಂದಿರಲ್ಲ, ಮೋಸ ಇರುವುದೇ ಅಲ್ಲಿ. ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸ್ ಒಳಗಿಂದ. ಫೋಕಸ್ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ರೇಂಜ್‌ಫೈಂಡರ್‌ನ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ಎಲ್ಲ ಚಂದವೇ! ಹಾಗೆ ಅರ್ಧ ರೋಲ್ ಹಾಳು ಮಾಡಿದವರಲ್ಲಿ ನಾನೂ ಒಬ್ಬ.

ಮೊದಲು ಕೆಟ್ಟ ನೆಗೆಟಿವ್‌ಗಳನ್ನು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿ. ಕಣ್ಣು ಮಸುಕು, ಆದರೆ ಕಿವಿಯೋ ಶರ್ಟಿನ ಗುಂಡಿಯೋ ಸ್ಪಷ್ಟವಾಗಿದೆ ಅಂದರೆ ಫೋಕಸ್ ತಪ್ಪಿದೆ. ಎಲ್ಲಿ ನೋಡಿದರೂ ಸ್ಪಷ್ಟ ಇಲ್ಲ, ಕಣ್ಣೊಳಗಿನ ಬೆಳಕಿನ ಚುಕ್ಕಿ ಗೆರೆಯಂತೆ ಎಳೆದುಕೊಂಡಿದೆ ಅಂದರೆ ಕೈ ಅಲುಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಕೈ ಅಲುಗುವುದು ಸುಲಭದ ಕೇಸು. 90ಕ್ಕೆ 1/60 ಸಾಲದು. ಕನಿಷ್ಠ 1/125 ಬೇಕು, ಸಾಧ್ಯವಾದರೆ 1/250. ಬೆಳಕು ಕಡಿಮೆ ಇದ್ದರೆ ಕಡಿಮೆ ಬೆಳಕೂ ಸಾಕಾಗುವ 400 ಐಎಸ್‌ಒ ಫಿಲ್ಮ್ ಹಾಕಿ. ಎಡ ಅಂಗೈ ಲೆನ್ಸಿನ ಕೆಳಗಿರಲಿ, ಮೊಣಕೈ ಪಕ್ಕೆಗೆ ಒತ್ತಿರಲಿ, ಕ್ಯಾಮೆರಾ ಹುಬ್ಬಿಗೆ ತಾಗಿರಲಿ. ಅರ್ಧ ಉಸಿರು ಬಿಟ್ಟು, ಬಟನ್ ಮೇಲೆ ಬೆರಳನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಕುಟ್ಟಬೇಡಿ. ಎಸ್‌ಎಲ್‌ಆರ್‌ನಂತೆ ಮೇಲೆದ್ದು ಬಿದ್ದು ಅಲುಗಿಸುವ ಕನ್ನಡಿ ಇದರಲ್ಲಿ ಇಲ್ಲ, ಅದೊಂದು ಲಾಭ.

ನನ್ನ ಅನುಮಾನ ಜಾಸ್ತಿ ಇರುವುದು ಫೋಕಸ್ ಮೇಲೆ. ಲೆಕ್ಕ ನೋಡಿ: 90 ಮಿ.ಮೀ., ಎಫ್/2, ಎದುರಿನವರು 2 ಮೀಟರ್ ದೂರ. ಸ್ಪಷ್ಟವಾಗಿ ಬರುವ ಪಟ್ಟಿ ಸುಮಾರು 6 ಸೆಂ.ಮೀ. ಮಾತ್ರ. ಮುಂದೆ 3, ಹಿಂದೆ 3. ಫೋಕಸ್ ಮಾಡಿ, ಫ್ರೇಮ್ ಸರಿಪಡಿಸಿ, ನಗುವಿಗಾಗಿ ಕಾಯುತ್ತೀರಿ. ಅಷ್ಟರಲ್ಲಿ ನೀವು ಸ್ವಲ್ಪ ಮುಂದಕ್ಕೆ ವಾಲಿರುತ್ತೀರಿ, ಅವರೂ ವಾಲಿರುತ್ತಾರೆ. 3 ಸೆಂ.ಮೀ. ಹೋಗಲು ಇನ್ನೇನು ಬೇಕು? ಅದಕ್ಕೇ ಫೋಕಸ್ ಆದ ಕೂಡಲೇ ಒತ್ತಿಬಿಡಿ. ತಡವಾಯಿತೋ, ಮತ್ತೆ ಫೋಕಸ್ ಮಾಡಿ. ಲೆನ್ಸಿನ ಬಾಯಿ ಕಿರಿದು ಮಾಡಿ ಎಫ್/4ಕ್ಕೆ ಇಳಿಸಿದರೆ ಪಟ್ಟಿ ದುಪ್ಪಟ್ಟಾಗುತ್ತದೆ. ಬೆಳಕಿದ್ದಾಗ ನಾನು ಎಫ್/2 ಮುಟ್ಟುವುದೇ ಇಲ್ಲ.

ಕಿಂಡಿಯ ನಡುವೆ ಒಂದು ಪುಟ್ಟ ಚೌಕ ಇದೆಯಲ್ಲ, ಅದೇ ಪ್ಯಾಚ್; ಅಲ್ಲಿ ಕಾಣುವ ಎರಡು ಬಿಂಬ ಒಂದಾದರೆ ಫೋಕಸ್ ಆದಂತೆ. ಅವನ್ನು ಕೂಡಿಸಲು ಕೆನ್ನೆ, ಹಣೆ ಹಿಡಿಯಬೇಡಿ, ಅಲ್ಲಿ ಹಿಡಿತ ಸಿಗದು. ಕನ್ನಡಕದ ಅಂಚೋ ಕಣ್ಣಿನ ಮೂಲೆಯೋ ಆಗಬೇಕು. ಬಿಂಬಗಳು ಸರಿಯುವುದು ಅಡ್ಡಕ್ಕೆ, ಹಾಗಾಗಿ ನಿಂತ ಗೆರೆ ಬೇಕು. ರೆಪ್ಪೆಯಂತಹ ಮಲಗಿದ ಗೆರೆಯಾದರೆ ಕ್ಯಾಮೆರಾವನ್ನೇ ವಾಲಿಸಿ ಫೋಕಸ್ ಮಾಡಿ, ಆಮೇಲೆ ನೆಟ್ಟಗೆ ಮಾಡಿಕೊಳ್ಳಿ. ಐಪೀಸ್‌ಗೆ, ಅಂದರೆ ಕಣ್ಣಿಟ್ಟು ನೋಡುವ ಗಾಜಿಗೆ, ಹಾಕುವ ಮ್ಯಾಗ್ನಿಫೈಯರ್ ಸಿಗುತ್ತದೆ. ಲೈಕಾ ಎಂ ಕ್ಯಾಮೆರಾಗಳಲ್ಲಿ ಎದುರಿನದನ್ನು 0.72 ಪಟ್ಟು ಗಾತ್ರದಲ್ಲಿ ತೋರಿಸುವ ಫೈಂಡರ್‌ಗೆ 1.25 ಪಟ್ಟು ಹಿಗ್ಗಿಸುವುದನ್ನು ಹಾಕಿದರೆ 0.9 ಆಗುತ್ತದೆ, ಅಂದರೆ 1954ರ ಎಂ3ಯ ಫೈಂಡರ್‌ನ ಹತ್ತಿರ ಹತ್ತಿರ. 90ಕ್ಕೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇನ್ನೂ ಉದ್ದದ 135 ಮಿ.ಮೀ. ಲೆನ್ಸ್ ಹಾಕುವ ಆಸೆ ಸದ್ಯಕ್ಕೆ ಬೇಡ.

ಇಷ್ಟಾದರೂ ಮಸುಕೇ ಅಂದರೆ ಒಂದು ಪರೀಕ್ಷೆ. ಕ್ಯಾಮೆರಾವನ್ನು ಮೇಜಿನ ಮೇಲೆ ಪುಸ್ತಕಗಳ ಮಧ್ಯೆ ಕೂರಿಸಿ. ಒಂದೂವರೆ ಮೀಟರ್ ದೂರದಲ್ಲಿ ಸ್ಕೇಲ್ ಒಂದನ್ನು ಓರೆಯಾಗಿ, ಒಂದು ತುದಿ ನಿಮ್ಮ ಕಡೆಗೆ ಬರುವಂತೆ ಇಡಿ. ನಡುಗೆರೆಗೆ ಫೋಕಸ್ ಮಾಡಿ ಎಫ್/2ರಲ್ಲಿ ಟೈಮರ್ ಅಥವಾ ಕೇಬಲ್ ರಿಲೀಸ್‌ನಿಂದ ನಾಲ್ಕು ಫ್ರೇಮ್ ತೆಗೆಯಿರಿ, ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ. ನಾಲ್ಕರಲ್ಲೂ ಒಂದೇ ಕಡೆ, ಒಂದೇ ಅಂತರಕ್ಕೆ ತಪ್ಪಿದೆಯಾ? ರೇಂಜ್‌ಫೈಂಡರ್ ಹೊಂದಾಣಿಕೆ ಕೆಟ್ಟಿದೆ. ಕ್ಯಾಮೆರಾ, ಲೆನ್ಸ್ ಎರಡನ್ನೂ ಒಟ್ಟಿಗೆ ರಿಪೇರಿಗೆ ಕೊಡಿ. ಒಂದೊಂದು ಸಲ ಒಂದೊಂದು ಕಡೆ ತಪ್ಪಿದ್ದರೆ ಸುಮ್ನೆ ಬಿಚ್ಚಿಸಬೇಡಿ, ಬೇಕಿರುವುದು ಇನ್ನೆರಡು ರೋಲ್ ಅಭ್ಯಾಸ.